ಎದುರು ಕುರ್ಚಿ

ಬಸ್ ಡಿಪೋದಲ್ಲಿ ಅವನು ಬ್ರೇಕ್ ಫಿಟ್ಟರ್. ಎಷ್ಟೋ ವರ್ಷಗಳಿಂದ ಅದೇ ಕೆಲಸ: ಚಕ್ರ ಬಿಚ್ಚುವುದು, ಬ್ರೇಕಿನ ಲೈನಿಂಗ್ ಪಟ್ಟಿ ಎಷ್ಟು ಸವೆದಿದೆ ಎಂದು ನೋಡುವುದು, ಎಲ್ಲ ಸರಿಯಿದೆ ಎಂದು ಡ್ರೈವರ್ ಆಣೆ ಇಟ್ಟು ಹೇಳಿದರೂ ನಂಬದಿರುವುದು. ಈ ಅಪನಂಬಿಕೆಯೇ ಅವನಿಗೆ ಚರ್ಚಿನಲ್ಲೊಂದು ಪದವಿ ತಂದುಕೊಟ್ಟಿತ್ತು.

ಶನಿವಾರ ಸಂಜೆ ಪಾಸ್ಟರ್ ಒಂದು ತರಗತಿ ನಡೆಸುತ್ತಿದ್ದರು. ಆಫೀಸಿನಲ್ಲೋ ಕಾಲೇಜಿನಲ್ಲೋ ಯಾರಾದರೂ “ನಿಮ್ಮ ಯೇಸುವನ್ನು ಯಾಕೆ ನಂಬಬೇಕು?” ಎಂದು ಜಾಡಿಸಿದರೆ ತಬ್ಬಿಬ್ಬಾಗದೆ, ಸಿಟ್ಟಿಗೇಳದೆ ಉತ್ತರ ಕೊಡುವ ಅಭ್ಯಾಸ. ಎರಡು ಕುರ್ಚಿ ಎದುರುಬದುರು. ಒಂದರಲ್ಲಿ ಉತ್ತರ ಹೇಳುವವರು ಸರದಿಯಂತೆ ಬದಲಾಗುತ್ತಿದ್ದರು. ಇನ್ನೊಂದರಲ್ಲಿ, ನಂಬದವನ ವೇಷದಲ್ಲಿ, ಯಾವಾಗಲೂ ಇವನೇ. ಎಂಥ ಉತ್ತರವಿದ್ದರೂ ಅದರ ಸಡಿಲ ನಟ್ಟನ್ನು ಹುಡುಕಿ ಅಲ್ಲಾಡಿಸುತ್ತಿದ್ದ. “ಅಡ್ಡಪ್ರಶ್ನೆ ಅಣ್ಣ ಬಂದ, ನೀರು ಕುಡ್ಕೊಂಡ್ ಕೂತ್ಕೊಳ್ಳಿ” ಎಂದು ಜನ ನಗುತ್ತಿದ್ದರು. ಅವನ ಮಗಳು ಚಿಕ್ಕಂದಿನಿಂದ ಹಿಂದಿನ ಬೆಂಚಿನಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತಿರುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಒಂದು ಗುರುವಾರ ಅವನು ಎರಡು ಪಾಳಿ ಒಟ್ಟಿಗೆ ದುಡಿದು ಮನೆಗೆ ಬಂದು ಬೂಟಿಗೆ ಕೈಹಾಕುವಷ್ಟರಲ್ಲಿ ಎದುರು ಬಂದು ನಿಂತಳು.

“ಅಪ್ಪ, ನಾನಿನ್ನು ಚರ್ಚಿಗೆ ಬರಲ್ಲ.”

ಅಡುಗೆಮನೆಯಿಂದ ಹೆಂಡತಿ, “ಊಟಕ್ಕೆ ಮುಂಚೆನೇ ಕೋರ್ಟ್ ಶುರುವಾಯ್ತಾ?” ಎಂದಳು. ಆಮೇಲೆ ಪಾತ್ರೆಯ ಸದ್ದು ನಿಂತಿತು.

“ಯಾರೇನಂದ್ರು?” ಎಂದು ಅವನು ಕೇಳಿದ.

“ಯಾರೂ ಏನೂ ಅಂದಿಲ್ಲ. ನೀನೇ. ಇಷ್ಟು ವರ್ಷ ನೀನು ಕೇಳಿದ ಪ್ರಶ್ನೆ ಎಲ್ಲ ನೆನಪಿದೆ. ಅವರು ಕೊಟ್ಟ ಉತ್ತರ ಒಂದೂ ನೆನಪಿಲ್ಲ.”

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. “ಸುಸ್ತಾಗಿದೆ ಕಣಮ್ಮ. ನಾಳೆ ಮಾತಾಡೋಣ.”

“ತರಗತೀಲಿ ನಿನ್ನ ಎದುರು ಕುರ್ಚೀಲಿ ಯಾರಾದ್ರೂ ಹೀಗಂದಿದ್ರೆ ನೀನು ಬಿಡ್ತಿದ್ಯಾ?”

ಬಿಡುತ್ತಿರಲಿಲ್ಲ. ಬೂಟುಗಾಲಲ್ಲೇ ಗೋಡೆಗೆ ಒರಗಿ ಕೂತ. “ಸರಿ, ಕೇಳು.”

“ಅಜ್ಜಿ ತಿಂಗಳುಗಟ್ಟಲೆ ಮಲಗಿದ್ರು. ಒಂದು ರಾತ್ರಿನಾದ್ರೂ ನೋವು ಕಮ್ಮಿ ಮಾಡಪ್ಪಾ ಅಂತ ಬೇಡ್ಕೊಂಡ್ರು. ಯಾಕೆ ಆಗ್ಲಿಲ್ಲ?”

ತರಗತಿಗೆ ನೂರೆಂಟು ಪ್ರಶ್ನೆ ಹೊತ್ತುಕೊಂಡು ಹೋಗಿದ್ದ. ತನ್ನ ತಾಯಿಯ ಈ ಒಂದನ್ನು ಮಾತ್ರ ಎಂದೂ ಒಯ್ದಿರಲಿಲ್ಲ. ಯಾರಾದರೂ ಅದಕ್ಕೆ ಸಲೀಸಾಗಿ ಉತ್ತರ ಹೇಳಿ ಎದ್ದುಹೋದರೆ ತಡೆದುಕೊಳ್ಳುವುದು ತನ್ನಿಂದಾಗದು ಎಂಬ ಭಯ. ಈಗ ಬೇರೆಯವರ ಉತ್ತರಗಳೆಲ್ಲ ನಾಲಿಗೆಯ ತುದಿಗೆ ಬಂದವು. ಒಂದೊಂದರ ಸಡಿಲ ನಟ್ಟೂ ಅವನಿಗೇ ಕಂಡಿತು.

“ಗೊತ್ತಿಲ್ಲ” ಎಂದ.

ಮಗಳು ಒಂದು ಹೆಜ್ಜೆ ಹತ್ತಿರ ಬಂದಳು.

“ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ನಮ್ಮಮ್ಮ ಒಂದೊಂದು ರಾತ್ರಿ ಯೇಸುನೇ ಬೈತಿದ್ಲು, ಎದುರಿಗೆ ಕೂತೋನನ್ನ ಬೈದ ಹಾಗೆ. ಬೈದು ಮುಗಿಸಿ, ಇಲ್ಲೇ ಇರು, ಎದ್ದು ಹೋಗ್ಬೇಡ ಅಂತಿದ್ಲು. ಶಿಲುಬೆ ಮೇಲೆ ಅವನೂ, ದೇವರೇ ಯಾಕೆ ನನ್ನ ಕೈಬಿಟ್ಟೆ ಅಂತ ಕೂಗಿದ್ದ. ಆಗ ಅವನಿಗೂ ಮೇಲಿಂದ ಉತ್ತರ ಬರ್ಲಿಲ್ಲ. ಅದಕ್ಕೇ ನಾನು ಅವನ ಹತ್ರ ಹೋಗೋದು. ಅವನು ನೋವೇ ಗೊತ್ತಿಲ್ದೋನಾಗಿದ್ರೆ ಅಮ್ಮ ಸತ್ತ ದಿನಾನೇ ಬಿಟ್ಬಿಡ್ತಿದ್ದೆ.”

“ಇದು ಉತ್ತರ ಅಲ್ಲ ಅಪ್ಪ.”

“ಅಲ್ಲ. ತರಗತೀಲಿ ಯಾರಾದ್ರೂ ಹೇಳಿದ್ರೆ ನಾನೇ ಚಿಂದಿ ಮಾಡ್ತಿದ್ದೆ. ಆದ್ರೆ ನನ್ನ ಹತ್ರ ಇರೋದು ಇಷ್ಟೇ.”

ಅವಳು ಕೆಳಗೆ ಕೂತು ಅವನ ಬೂಟಿನ ಲೇಸು ಬಿಚ್ಚತೊಡಗಿದಳು. ಗ್ರೀಸ್ ಮೆತ್ತಿ ಗಂಟು ಬಿಗಿದುಹೋಗಿತ್ತು.

“ಭಾನುವಾರ ಬರಲ್ಲ” ಎಂದಳು ತಲೆಯೆತ್ತದೆ.

“ಸರಿ.”

“ಶನಿವಾರ ಬರ್ತೀನಿ. ನಿನ್ನ ಕುರ್ಚಿ ನಂಗೆ ಕೊಡ್ಬೇಕು. ಎದುರಿಗೆ ನೀನು ಕೂತ್ಕೋಬೇಕು.”

ಅವನು ಕಣ್ಣು ಮುಚ್ಚಿದ. ಮೈಯೆಲ್ಲ ನೋಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಉತ್ತರ ಹೇಳುವ ಆ ಕುರ್ಚಿಯಲ್ಲಿ ಅವನು ಒಮ್ಮೆಯೂ ಕೂತವನಲ್ಲ.

“ಶನಿವಾರ ನೀರು ಕುಡ್ಕೊಂಡೇ ಬರ್ತೀನಿ ಬಿಡು” ಎಂದ.