ಸುರಿದ ಕೊಡದ ಹಗೆ

ದಾವಣಗೆರೆಯಲ್ಲಿ ನೀರಿನ ಪೈಪು ನೋಡಿಕೊಳ್ಳುತ್ತಿದ್ದ ಭರಮಣ್ಣನಿಗೆ ಸಿಟ್ಟು ಬರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ಹತ್ತಿ ವ್ಯಾಪಾರಿ ಕೆಂಚವೀರಪ್ಪನ ಮೇಲಿನ ಸಿಟ್ಟಂತೂ ಇಳಿಯಲೇ ಇಲ್ಲ.

ಹರಿಹರದ ಹೊಳೆ ನೀರು ಊರಿಗೆ ಬರುವ ಮುಂಚಿನ ಮಾತು. ಒಂದು ಬೇಸಿಗೆ ಭರಮಣ್ಣನ ಹೆಂಡತಿ ಭೀಮವ್ವ ಕೆಂಚವೀರಪ್ಪನ ಬಾವಿಯಿಂದ ನೀರು ಸೇದಿಕೊಂಡಿದ್ದಳು. "ಯಾರನ್ನ ಕೇಳಿ ಸೇದಿದಿ?" ಎಂದವನೇ ಆತ ತುಂಬಿದ ತಾಮ್ರದ ಕೊಡವನ್ನು ಅವಳ ಸೊಂಟದಿಂದ ಕಿತ್ತು, ನಾಲ್ಕು ಜನರೆದುರು ಬೀದಿಗೆ ಸುರಿದ. ಭೀಮವ್ವ ಅಳಲಿಲ್ಲ. ಅತ್ತಿದ್ದರೆ ಭರಮಣ್ಣ ಮರೆಯುತ್ತಿದ್ದನೋ ಏನೋ.

ಮುಂದೆ ನಲ್ಲಿ ಬಂತು, ಕೆಂಚವೀರಪ್ಪನ ಹೊಸ ಮನೆಯೂ ಎದ್ದಿತು. ಕಬ್ಬಿಣದ ಸಲಾಕೆಯನ್ನು ಪೈಪಿಗೆ ಊರಿ ಇನ್ನೊಂದು ತುದಿಗೆ ಕಿವಿಗೊಟ್ಟರೆ ನೆಲದಡಿ ಸೋರುವ ನೀರಿನ ಸದ್ದು ಕೇಳುತ್ತದೆ. ಭರಮಣ್ಣನ ಕೆಲಸವೇ ಅದು. ಒಂದು ಬೆಳಿಗ್ಗೆ ಸಾವ್ಕಾರನ ಗೋಡೆಯ ಬುಡದಲ್ಲಿ ಆ ಸದ್ದು ಕೇಳಿ ಅವನ ಹೊಟ್ಟೆ ತಣ್ಣಗಾಯಿತು.

"ಏನಾರ ಸೋರಾಕ ಹತ್ತೈತೇನಲೇ?" ಕೆಂಚವೀರಪ್ಪ ಜಗಲಿಯಿಂದ ಕೇಳಿದ.

"ಏನೂ ಇಲ್ರಿ ಸಾವ್ಕಾರ್ರೆ. ಎಲ್ಲಾ ಗಟ್ಟಿ ಐತೆ."

ಅಂದಿನಿಂದ ದಿನವೂ ಅದೇ ಬೀದಿಯಲ್ಲಿ ಓಡಾಟ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ದಿನ ಖಾರ ಮಂಡಕ್ಕಿ ತಿಂದ. ಬಿರುಕಿಗೆ ಬೆರಳು ಹೋಗುವಷ್ಟಾದಾಗ ಜೊತೆಗೆ ಮಿರ್ಚಿಯನ್ನೂ ತಿಂದ. ಬೀಳಲಿ, ಅವನ ತಲೆಯ ಮೇಲೇ ಬೀಳಲಿ!

ಅದೇ ಪೈಪಿನ ತುದಿಗೆ ತನ್ನ ಓಣಿಯ ನಲ್ಲಿ ಇರುವುದು ಅವನಿಗೆ ಗೊತ್ತಿತ್ತು. ಓಣಿಯವರು ನಾಲ್ಕು ದಿನ ತಡಕೊಳ್ಳಲಿ ಎಂದುಕೊಂಡ. ನಲ್ಲಿಯ ನೀರು ನೂಲಿನಷ್ಟಾಯಿತು. ಪಾಳಿಯ ಕೊನೆಗೆ ನಿಲ್ಲುತ್ತಿದ್ದ ಮುದುಕಿ ರಹಮತ್ ಬೀ ಖಾಲಿ ಕೊಡ ಹಿಡಿದು ಮನೆಗೆ ಹೋಗತೊಡಗಿದಳು.

ಒಂದು ಸಂಜೆ ಭರಮಣ್ಣ ತಡೆಯಲಾರದೆ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಹಿಗ್ಗುತ್ತಾಳೆ ಎಂದುಕೊಂಡಿದ್ದ.

"ಅವ ಚೆಲ್ಲಿದ್ದು ನಂದೊಂದು ಕೊಡ. ನೀನು ಓಣಿದೆಲ್ಲಾ ಚೆಲ್ಲಿದಿ, ಅದೂ ನನ್ನ ಹೆಸರಿನ ಮ್ಯಾಲೆ!" ಭೀಮವ್ವ ಉರಿದುಬಿದ್ದಳು. "ಹೋಗು, ಮುಚ್ಚು. ಹಂಗಂತ ಅವನ್ನ ಸುಮ್ನೆ ಬಿಡಬ್ಯಾಡ." ಅದೇ ತಾಮ್ರದ ಕೊಡವನ್ನು ಅವನ ಮುಂದೆ ಕುಕ್ಕಿದಳು.

ಮರುದಿನ ಭರಮಣ್ಣ ಗೋಡೆಯ ಬುಡ ಅಗೆದ. ಅಡಿಪಾಯದ ಕೆಳಗೆ ಮಣ್ಣೇ ಉಳಿದಿರಲಿಲ್ಲ. ಕೆಂಚವೀರಪ್ಪ ಬಾಯಿ ಬಾಯಿ ಬಡಿದುಕೊಂಡ. "ಲಗೂನ ಮುಚ್ಚೋ ಮಾರಾಯ!"

ಭರಮಣ್ಣ ಸಲಾಕೆ ಕೆಳಗಿಟ್ಟು ಕೊಡ ಮುಂದೆ ಮಾಡಿದ. "ಅವತ್ತು ಭೀಮವ್ವನ ಕೊಡ ಸುರಿದ್ರಲ್ಲ, ಅದೇ ಬಾವಿ ನೀರು ನೀವೇ ತುಂಬಿ ನಮ್ಮ ಓಣಿಗೆ ಹೊತ್ಕೊಂಡು ಬರ್ರಿ. ಆಮ್ಯಾಲೆ ಮುಚ್ಚತೀನಿ."

ಸಾವ್ಕಾರ ಕೊಡ ನೋಡಿದ, ಗೋಡೆ ನೋಡಿದ. ಕೊನೆಗೆ ತುಂಬಿ ಹೆಗಲಿಗೇರಿಸಿದ. ಪೇಟೆಯವರೆಲ್ಲ ಅಂಗಡಿ ಬಿಟ್ಟು ಎದ್ದು ನಿಂತು ನೋಡಿದರು. ಹಿಂದೆ ಬರುತ್ತಿದ್ದ ಭರಮಣ್ಣನಿಗೆ ಆ ದಾರಿ ಮುಗಿಯುವುದೇ ಬೇಡವಾಗಿತ್ತು.

ಓಣಿಯ ನಲ್ಲಿಯ ಹತ್ತಿರ ಭೀಮವ್ವ ಕೊಡ ಇಳಿಸಿಕೊಂಡಳು. ಪಾಳಿಯ ಕೊನೆಗೆ ನಡೆದು ಅಷ್ಟೂ ನೀರನ್ನು ರಹಮತ್ ಬೀಯ ಕೊಡಕ್ಕೆ ಸುರಿದಳು. ಖಾಲಿ ಕೊಡವನ್ನು ಗಂಡನ ಕೈಗೆ ತುರುಕಿದಳು.

"ಮುಚ್ಚಿ ಬಾ. ಬಂದು ಈಕಿ ಹಿಂದೆ ನಿಂದ್ರು."

ಪೈಪು ಮುಚ್ಚಿ ಬಂದು ಭರಮಣ್ಣ ನಿಂತ. ಅವನ ನೌಕರಿ ಮುಗಿಯುವವರೆಗೂ ಓಣಿಯಲ್ಲಿ ಕೊನೆಗೆ ತುಂಬುತ್ತಿದ್ದುದು ಅವನ ಮನೆಯ ಕೊಡವೇ.