ಅರ್ಧ ಕೋರ್ಟಿನ ಮೇಷ್ಟ್ರು

ಅವರ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವರು ಸೀಟಿ ಮೇಷ್ಟ್ರು. ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಹನ್ನೊಂದು ವರ್ಷದಿಂದ ತಯಾರು ಮಾಡುತ್ತಿದ್ದರು. ತಯಾರು ಮಾಡುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು. ಆ ತಂಡದ ಹಿಂದೆ ಹನ್ನೊಂದು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದರು ಎಂದರೆ ಸರಿಹೋದೀತು.

ತಂಡಕ್ಕೆ ಕೋರ್ಟು ಇರಲಿಲ್ಲ ಅಂತಲ್ಲ. ಇತ್ತು, ಅರ್ಧ. ಇನ್ನರ್ಧದಲ್ಲಿ ಕಾರುಗಳು ನಿಲ್ಲುತ್ತಿದ್ದವು. ಹಿಂದಿನ ಕ್ವಾರ್ಟರ್ಸಿನ ಅಧ್ಯಾಪಕರು ಹಗಲೂ ರಾತ್ರಿ ತಮ್ಮ ಕಾರುಗಳನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಎಲ್ಲಕ್ಕಿಂತ ಮುಂದೆ, ಆ ಕಡೆಯ ರಿಂಗಿನ ನೇರ ಕೆಳಗೆ, ಮರದ ನೆರಳಿನಲ್ಲಿ ಪ್ರಿನ್ಸಿಪಾಲರ ಬಿಳಿ ಕಾರು. ಕಾರಿಗೆ ಒಂದು ಬಾರಿ ಚೆಂಡು ತಾಗಿದ್ದಕ್ಕೆ ಇಡೀ ತಂಡ ನಿಂತು ಕ್ಷಮೆ ಕೇಳಿತ್ತು.

ಮೇಷ್ಟ್ರು ವರ್ಷಕ್ಕೊಂದು ಅರ್ಜಿ ಕೊಟ್ಟರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಈ ವರ್ಷ ಅಂತರಕಾಲೇಜು ಪಂದ್ಯಗಳು ಶುರುವಾಗುವ ಮೊದಲು ಖುದ್ದಾಗಿ ಹೋಗಿ ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತರು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮೊದಲು ಒಂದು ಪಂದ್ಯ ಗೆದ್ದು ತೋರಿಸಿ. ಗೆದ್ದ ದಿನವೇ ಕಾರಿನ ವಿಷಯ ತೀರ್ಮಾನ ಮಾಡಿಬಿಡೋಣ" ಎಂದರು.

ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ಆರು ಪಂದ್ಯಗಳಲ್ಲಿ ಒಂದನ್ನು ಗೆದ್ದರೂ ಇಡೀ ಕೋರ್ಟು ಸಿಗುತ್ತದೆ. ದೇವರು ಕಣ್ಣು ಬಿಟ್ಟ ಎಂದುಕೊಂಡರು. ದೇವರು ಬಿಟ್ಟ, ಹುಡುಗರು ಬಿಡಬೇಕಲ್ಲ.

ಅರ್ಧ ಕೋರ್ಟಿನ ಆಟಕ್ಕೆ ಅದರದೇ ಒಂದು ರೂಢಿ. ಆಡಲು ಸಿಗುವುದೊಂದೇ ರಿಂಗು, ಎರಡೂ ಕಡೆಯವರು ಅದಕ್ಕೇ ಎಸೆಯಬೇಕು. ಹಾಗಾಗಿ ಎದುರಾಳಿಯಿಂದ ಚೆಂಡು ಕಸಿದವನು ನಡುಗೆರೆಯ ತನಕ ಹೋಗಿ, ಅದನ್ನು ಕಾಲಲ್ಲಿ ಮುಟ್ಟಿ, ತಿರುಗಿ ಬಂದು ಅದೇ ರಿಂಗಿಗೆ ಹಾಕಬೇಕು. ವರ್ಷಗಟ್ಟಲೆ ಹೀಗೆ ಆಡಿದ ಕಾಲುಗಳಿಗೆ ಬೇರೆ ದಾರಿ ಗೊತ್ತಿಲ್ಲ. ಮೊದಲ ಪಂದ್ಯದಲ್ಲೇ ಏಣಿ ಎಂದು ಕರೆಸಿಕೊಳ್ಳುತ್ತಿದ್ದ ಉದ್ದನೆಯ ಹುಡುಗ ಚೆಂಡು ಕಸಿದ, ಓಡಿದ, ನಡುಗೆರೆ ಮುಟ್ಟಿದ, ತಿರುಗಿದ, ತನ್ನ ತಂಡ ಕಾಯಬೇಕಾದ ರಿಂಗಿಗೇ ಅಚ್ಚುಕಟ್ಟಾಗಿ ಚೆಂಡು ಹಾಕಿದ. ಎರಡು ಅಂಕ ಎದುರು ತಂಡಕ್ಕೆ. ಮೇಷ್ಟ್ರು ತಲೆ ಚಚ್ಚಿಕೊಂಡರು. ಏಣಿಯಂತೂ ಚಪ್ಪಾಳೆ ತನಗೇ ಎಂದು ಕೈ ಬೀಸುತ್ತಿದ್ದ.

ಎರಡನೇ ಪಂದ್ಯದಲ್ಲಿ ಕ್ಯಾಪ್ಟನ್ ಅದನ್ನೇ ಮಾಡಿದ, ಮೂರನೆಯದರಲ್ಲಿ ಮತ್ತೆ ಏಣಿ. ಮೇಷ್ಟ್ರು ಬೈದರು, ಬೇಡಿಕೊಂಡರು, ಅಂಗೈಯಲ್ಲಿ ಬಾಣದ ಗುರುತು ಬರೆದು ಕಳಿಸಿದರು. ಬೆವರಿಗೆ ಬಾಣ ಅಳಿಸಿಹೋಯಿತು. ಐದು ಪಂದ್ಯ ಮುಗಿದವು, ಐದೂ ಸೋಲು. ಅಧ್ಯಾಪಕರ ಕೋಣೆಯಲ್ಲಿ ಚಹಾ ಕುಡಿಯುವವರಿಗೆ ನಗಲು ಬೇರೆ ವಿಷಯವೇ ಬೇಕಾಗಲಿಲ್ಲ.

ಕೊನೆಯ ಪಂದ್ಯ ಸ್ವಂತ ಕೋರ್ಟಿನಲ್ಲಿ. ರೆಫರಿ ಒಪ್ಪುವುದಿಲ್ಲವೆಂದು ಒಂದು ದಿನದ ಮಟ್ಟಿಗೆ ಕಾರುಗಳು ಗೇಟಿನ ಆಚೆ ಹೋದವು. ಮೇಷ್ಟ್ರು ಬೆಳಿಗ್ಗೆ ಮಂಡಿಯೂರಿ ಕುಳಿತು ಎಣ್ಣೆಯ ಕಲೆಗಳನ್ನು ತಾವೇ ಉಜ್ಜಿ ತೆಗೆದರು. ಕಾರುಗಳು ನಿಲ್ಲುತ್ತಿದ್ದ ಜಾಗದಲ್ಲಿ ಕೋರ್ಟಿನ ಬಿಳಿ ಗೆರೆಗಳು ಇನ್ನೂ ಇದ್ದವು.

ಅರ್ಧ ಆಟ ಮುಗಿದಾಗ ತಂಡ ಹನ್ನೆರಡು ಅಂಕ ಹಿಂದಿತ್ತು, ಅದರಲ್ಲಿ ನಾಲ್ಕು ನಮ್ಮವರದೇ ದಾನ. ಬೆಂಚಿನ ಮೇಲೆ ಹುಡುಗರು ತಲೆ ತಗ್ಗಿಸಿ ಕೂತಿದ್ದರು. ಮೇಷ್ಟ್ರು ರೋಸಿಹೋಗಿ ಹೇಳಿದರು: "ನಿಮಗೆ ಆ ಗೆರೆ ದಾಟೋಕೆ ಬರಲ್ಲ ತಾನೇ? ದಾಟಲೇಬೇಡಿ. ಮೂರು ಜನ ಇಲ್ಲೇ ನಮ್ಮ ರಿಂಗು ಕಾಯ್ರಿ. ಏಣಿ, ಕ್ಯಾಪ್ಟನ್, ನೀವಿಬ್ಬರು ಆ ಕಡೇನೇ ಇರಿ. ಗೆರೆ ದಾಟೋದು ಚೆಂಡು ಮಾತ್ರ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅದೇ ಫಲಿಸಿತು. ಇಕ್ಕಟ್ಟಿನಲ್ಲಿ ಆಡಿ ಪಳಗಿದ ಮೂವರು ತಮ್ಮ ರಿಂಗಿನ ಸುತ್ತ ಎದುರಾಳಿಗಳಿಗೆ ಉಸಿರಾಡಲು ಬಿಡಲಿಲ್ಲ. ಕಸಿದ ಚೆಂಡನ್ನು ಗೆರೆಯಾಚೆ ಎಸೆದರು. ಅಲ್ಲಿ ಆ ಇಬ್ಬರಿಗೂ ಇದ್ದದ್ದು ಒಂದೇ ರಿಂಗು, ತಪ್ಪುವ ಮಾತೇ ಇಲ್ಲ. ಎದುರು ತಂಡದವರು ಅತ್ತಿಂದಿತ್ತ ಓಡಿ ಸುಸ್ತಾದರು. ಕೊನೆಯ ಸೀಟಿಗೆ ಒಂದು ಅಂಕದ ಗೆಲುವು.

ಹುಡುಗರು ಮೇಷ್ಟ್ರನ್ನು ಹೆಗಲ ಮೇಲೆ ಎತ್ತಿಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನಕ್ಕದ್ದನ್ನು ಕಾಲೇಜು ನೋಡಿತು. ಪ್ರಿನ್ಸಿಪಾಲರೇ ಬಂದು ಮೈಕು ಹಿಡಿದರು. ಮೇಷ್ಟ್ರು ಹೆಗಲಿಂದ ಇಳಿದು ಕೈಕಟ್ಟಿ ನಿಂತು ಕಾದರು.

"ಇಡೀ ಕೋರ್ಟು ಇಲ್ಲದೆ ಆಡೋಕಾಗಲ್ಲ ಅಂತ ಇವರು ಪ್ರತಿ ವರ್ಷ ಅರ್ಜಿ ಕೊಡ್ತಿದ್ರು. ಇವತ್ತು ನಮ್ಮ ಹುಡುಗರು ಅರ್ಧ ಅರ್ಧದಲ್ಲೇ ನಿಂತು ಗೆದ್ದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಮೇಷ್ಟ್ರೇ, ಈಗ ತೀರ್ಮಾನ ಆಯ್ತಲ್ಲ" ಎಂದು ಬೆನ್ನು ತಟ್ಟಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಅದು ನಿಲ್ಲುವ ಮೊದಲೇ ಗೇಟಿನಲ್ಲಿ ಮೊದಲ ಕಾರು ಒಳಗೆ ತಿರುಗಿತು.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು ಮುಖ ನೋಡಿದರು. ಇದೂ ಹೋಯಿತಾ ಎಂದು ಕೇಳಿದರು.

"ಇಲ್ಲ, ಗೆದ್ವಿ."

"ಗೆದ್ದು ಬಂದವರ ಮುಖ ಹೀಗಿರುತ್ತಾ?"

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಬೂಟಿನ ಲೇಸು ಬಿಚ್ಚತೊಡಗಿದರು. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟರು.

"ಸೋತಿದ್ರೆ, ಮುಂದಿನ ವರ್ಷ ಕೇಳೋಕೆ ಬಾಯಾದ್ರೂ ಇರ್ತಿತ್ತು ಕಣೇ" ಎಂದರು.