ಹದಿನೇಳನೇ ಮನೆಯ ಉತ್ತರ

ಶಿಡ್ಲಘಟ್ಟದ ಕಾಲೇಜು ಗ್ರಂಥಾಲಯದಲ್ಲಿ ನಾಹಿದ್ ಹುಡುಕಿ ಸಿಗದ ಪುಸ್ತಕ ಇಲ್ಲವೇ ಇಲ್ಲ ಎಂದು ಮೇಷ್ಟ್ರುಗಳೂ ನಂಬಿದ್ದರು. ಒಂಬತ್ತು ವರ್ಷದಿಂದ ಅಲ್ಲಿ ಸಹಾಯಕಿಯಾಗಿದ್ದ ಅವಳಿಗೂ ಆ ಜಂಬ ಸ್ವಲ್ಪ ಇತ್ತು. ಅದನ್ನು ಇಳಿಸಿದವಳು ಸಾದಲಿಯ ಶೋಭಾರಾಣಿ, ಸಮಾಜಶಾಸ್ತ್ರದ ಎಂ.ಎ. ಹುಡುಗಿ.

ಶೋಭಾರಾಣಿ ಕೇಳಿದ್ದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು, ರೇಷ್ಮೆ ನೂಲು ಬಿಚ್ಚುವ ನಲವತ್ತು ಹೆಂಗಸರ ಮನೆಗೆ ಹೋಗಿ ಸಮೀಕ್ಷೆ ಮಾಡಿ ಬರೆದ ವರದಿ. ಅದೇ ಮನೆಗಳಿಗೆ ಮತ್ತೆ ಹೋಗಿ, ಅದೇ ಪ್ರಶ್ನೆ ಕೇಳಿ, ಏನು ಬದಲಾಗಿದೆ ಎಂದು ನೋಡುವುದು ಇವಳ ಸಂಶೋಧನೆ. ಹಳೆಯ ವರದಿ ಸೋಮವಾರದೊಳಗೆ ಸಿಗದಿದ್ದರೆ ವಿಷಯವನ್ನೇ ಬದಲಿಸಿಕೋ ಎಂದು ಅವಳ ಗೈಡ್ ಚಲಪತಿ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಅಂದು ಶನಿವಾರ.

ಸಮಾಜಶಾಸ್ತ್ರದ ಬೀರು ತಲೆಕೆಳಗಾಯಿತು. ರಿಜಿಸ್ಟರಿನಲ್ಲಿ ಹೆಸರಿತ್ತು, ವರದಿ ಇರಲಿಲ್ಲ. ಹುಡುಗಿಯ ಮುಖ ಸಪ್ಪಗಾದದ್ದನ್ನು ನೋಡಿ ನಾಹಿದಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕೆಲಸಕ್ಕೆ ಸೇರಿದ ವರ್ಷ ಹಳೆಯ ವರದಿಗಳನ್ನೆಲ್ಲ ಜೋಡಿಸಿದ್ದವಳು ಅವಳೇ. ಆಗ ಏನು ಮಾಡಿದ್ದೆ ಎಂದು ನೆನೆದು ನಾಲಿಗೆ ಕಚ್ಚಿಕೊಂಡಳು. ರೇಷ್ಮೆಯೂರಿನಲ್ಲಿ ಹುಟ್ಟಿದವಳಲ್ಲವೇ, ಹೆಸರಿನಲ್ಲಿ ರೇಷ್ಮೆ ಕಂಡದ್ದನ್ನೆಲ್ಲ ಹಿಂದುಮುಂದು ನೋಡದೆ ಹುಳು ಸಾಕಣೆಯ ಪುಸ್ತಕಗಳ ಸಾಲಿಗೆ ತಳ್ಳಿದ್ದಳು!

ಹಿಪ್ಪುನೇರಳೆ ರೋಗಗಳ ದಪ್ಪ ಪುಸ್ತಕದ ಹಿಂದೆ ಅದು ಸಿಕ್ಕಿತು. ನೀಲಿ ರಟ್ಟು, ಒಳಗೆಲ್ಲ ಕೈಬರಹ. ಶೋಭಾರಾಣಿ ಕುಣಿಯುವುದೊಂದು ಬಾಕಿ. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಸದ್ದು ಮಾಡಬೇಡಿ ಎಂದು ದಿನಾ ಗದರುವ ನಾಹಿದಳೇ ಜೋರಾಗಿ ನಗುತ್ತಿದ್ದಳು. ಫೋನಿನಲ್ಲಿ ಸುದ್ದಿ ಕೇಳಿದ ಚಲಪತಿ ಮೇಷ್ಟ್ರು, ಹಾಗಾದರೆ ಶುರು ಮಾಡು ಎಂದುಬಿಟ್ಟರು.

ಮನೆಗಳ ಪಟ್ಟಿ ನೋಡುತ್ತಾ ಹದಿನೇಳಕ್ಕೆ ಬಂದಾಗ ನಾಹಿದಳ ಬೆರಳು ಅಲ್ಲೇ ನಿಂತಿತು. ವಜೀರುನ್ನೀಸಾ. ಅವಳ ಅಮ್ಮಿ. ಬಿಸಿನೀರಿನಲ್ಲಿ ಬೇಯುವ ಗೂಡುಗಳ ಮುಂದೆ ಅಮ್ಮಿ, ಶಾಲೆಯಿಂದ ಬಂದು ಚರಕ ತಿರುಗಿಸುತ್ತಿದ್ದ ತಾನು, ಹೊಸ್ತಿಲ ಮೇಲೆ ಕೂತು ಬರೆದುಕೊಳ್ಳುತ್ತಿದ್ದ ಯಾರೋ ಒಬ್ಬ ಅಕ್ಕ, ಎಲ್ಲ ಒಮ್ಮೆಗೇ ನೆನಪಾಯಿತು. ಅಮ್ಮಿ ಏನು ಹೇಳಿದ್ದಳೋ ಅದು ಮಾತ್ರ ಮರೆತುಹೋಗಿತ್ತು. ಅದು ಇಲ್ಲಿತ್ತು. ಮಗಳ ಬಗ್ಗೆ ಏನಾಸೆ ಎಂಬ ಕೊನೆಯ ಪ್ರಶ್ನೆಯ ಎದುರು ಅಮ್ಮಿಯ ಮಾತನ್ನೇ ಆ ಅಕ್ಕ ಬರೆದಿದ್ದಳು: "ನಿನ್ನಂಗೆ ಬರ್ಕೊಂಡು ಓಡಾಡೋಳಾಗ್ಲಿ."

ನಾಹಿದ್ ಅದನ್ನು ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು, ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಪಕ್ಕದಲ್ಲಿ ಶೋಭಾರಾಣಿಗೆ ಬೇರೆಯೇ ಚಿಂತೆ.

"ಮೇಡಂ, ಇದ್ರಲ್ಲಿ ಅರ್ಧ ಮನೆಗಳಲ್ಲಿ ಉರ್ದು ಮಾತಾಡ್ತಾರೆ. ನಂಗೆ ಒಂದಕ್ಷರ ಬರಲ್ಲ. ನೀವು ಜೊತೇಲಿ ಬಂದು ಬರ್ಕೊಂಡ್ರೆ..."

"ಬರ್ತೀನಿ ಕಣಮ್ಮ," ಎಂದಳು ನಾಹಿದ್. "ಹದಿನೇಳರಿಂದ ಶುರು ಮಾಡಣ."

ಭಾನುವಾರ ಬೆಳಿಗ್ಗೆ ಶೋಭಾರಾಣಿಯ ಜೊತೆ ಬಂದ ನಾಹಿದ್ ತನ್ನ ಮನೆಯ ಹೊಸ್ತಿಲ ಮೇಲೆ, ಆ ಅಕ್ಕ ಕೂತಿದ್ದ ಜಾಗದಲ್ಲೇ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಒಳಗೆ ಬಾರದೆ ಅಲ್ಲೇಕೆ ಕೂತೆ ಎಂದು ವಜೀರುನ್ನೀಸಾ ಗದರಿದಳು. ಮಗಳು ಕೇಳಿಸಿಕೊಳ್ಳದವಳಂತೆ ಮೊದಲ ಪ್ರಶ್ನೆ ಕೇಳಿದಳು: ನಿಮ್ಮ ಹೆಸರು?